ಕಾಲುವೆಗೆ ಬೋಂಗಾ, ರಕ್ತನಾಳಕ್ಕೆ ತೂತು: ‘ಕವರ್ಡ್ ಸ್ಟೆಂಟ್’ ಬಂದ ದಾರಿ

ಸಿಂಧನೂರಿನ ನಮ್ಮ ಸೋದರಮಾವನ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸ್ಟೆಂಟ್, ಅಂದರೆ ರಕ್ತನಾಳ ತೆರೆದೇ ಇರಲಿ ಅಂತ ಒಳಗೆ ಕೂರಿಸುವ ಲೋಹದ ಜಾಳಿಗೆ ಕೊಳವೆ, ಬರೆದಿದ್ದರು. ಒಂದರ ಮುಂದೆ ಮಾತ್ರ ‘ಕವರ್ಡ್’ ಅಂತ ಇತ್ತು. ಮಾವ ಕನ್ನಡಕ ಏರಿಸಿ ಅದನ್ನೇ ನೋಡುತ್ತಿದ್ದರು.

“ಎಲ್ಲಾರಿಗೂ ಬರೀ ಸ್ಟಂಟ್ ಹಾಕ್ತಾರ. ನಂಗ್ಯಾಕೋ ತಮ್ಮಾ ಕವರ್ ಹಾಕಿದ್ದು?”

ಬಲೂನ್ ಉಬ್ಬಿಸುವಾಗ ರಕ್ತನಾಳ ಸಣ್ಣಗೆ ಹರಿದಿತ್ತು, ಅದನ್ನು ಮುಚ್ಚೋಕೆ ಹಾಕಿದ್ದು ಎಂದೆ. ಮಾವ ತಲೆಯಾಡಿಸಿದರು. “ಅಂದ್ರ ಬೋಂಗಾ ಬಿದ್ದಿತ್ತು ಅನ್ನು.”

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೇಸಾಯ ಮಾಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಏರಿಯಲ್ಲಿ ಸಣ್ಣ ತೂತು ಬಿದ್ದರೂ ಕೆಳಗಿನ ಗದ್ದೆ ಒಣಗುತ್ತದೆ, ಪಕ್ಕದ ಹೊಲ ಕೆರೆಯಾಗುತ್ತದೆ. ಹೃದಯದಲ್ಲಿ ಈ ಎರಡನೆಯದೇ ಮೊದಲು ಕೊಲ್ಲುವುದು. ಹೃದಯದ ಸುತ್ತ ಒಂದು ಚೀಲ ಇದೆ. ಅದು ದಿಢೀರ್ ಅಂತ ಹಿಗ್ಗುವಂಥದ್ದಲ್ಲ. ಅದರೊಳಗೆ ಒಂದು ಚಹಾ ಲೋಟದಷ್ಟು ರಕ್ತ ಥಟ್ಟನೆ ತುಂಬಿದರೂ ಸಾಕು, ಹೃದಯಕ್ಕೆ ಹಿಗ್ಗಲು ಜಾಗ ಇರುವುದಿಲ್ಲ. ಬಿಪಿ ಕುಸಿಯುತ್ತದೆ.

1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಯೆಂಟ್ಸಿಗ್ ಮೊದಲ ಸಲ ಎಚ್ಚರವಿದ್ದ ರೋಗಿಯ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಇದೇ ಆಂಜಿಯೋಪ್ಲಾಸ್ಟಿ. ಬರೀ ಬಲೂನ್ ಇದ್ದ ಕಾಲದಲ್ಲಿ ತೂತು ಬೀಳುವುದು ತೀರಾ ಅಪರೂಪ. ಆಮೇಲೆ ಹೊಸ ಉಪಕರಣಗಳು ಬಂದವು. ಕೊಬ್ಬು ಕೆರೆಯುವವು, ಸುಣ್ಣಗಟ್ಟಿದ್ದನ್ನು ಅರೆಯುವವು, ಲೇಸರ್. 1994ರಲ್ಲಿ ಅಮೆರಿಕದ ಸ್ಟೀಫನ್ ಎಲ್ಲಿಸ್ ಮತ್ತು ಜೊತೆಗಾರರು 11 ಕೇಂದ್ರಗಳ 12,900 ಚಿಕಿತ್ಸೆಗಳ ಲೆಕ್ಕ ತೆಗೆದರು. ಬಲೂನ್ ಮಾತ್ರ ಬಳಸಿದಲ್ಲಿ ತೂತು ಸಾವಿರಕ್ಕೆ 1, ಹೊಸ ಉಪಕರಣ ಬಳಸಿದಲ್ಲಿ ಸಾವಿರಕ್ಕೆ 13. ತೂತುಗಳನ್ನು ಮೂರು ದರ್ಜೆ ಮಾಡಿದ್ದೂ ಅವರೇ, ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಇವತ್ತಿಗೂ ಈ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬ್‌ನಲ್ಲಿ ‘ಎಲ್ಲಿಸ್ ತ್ರೀ’ ಅಂದರೆ ಎಲ್ಲರ ಕೈ ಚುರುಕಾಗುತ್ತದೆ. ಪರದೆಯ ಮೇಲೆ ನಾಳದ ಗೆರೆಯೊಳಗೇ ಹರಿಯಬೇಕಾದ, ಎಕ್ಸ್-ರೇಯಲ್ಲಿ ಕಾಣುವ ಡೈ, ಬೀಡಿ ಹೊಗೆಯ ಹಾಗೆ ಪಕ್ಕಕ್ಕೆ ಚಿಮ್ಮುತ್ತಿರುತ್ತದೆ.

ಆಗ ಮೊದಲು ಮಾಡುವ ಕೆಲಸ ಸರಳ. ತೂತಿನ ಜಾಗಕ್ಕೆ ಬಲೂನ್ ಉಬ್ಬಿಸಿ ಅದುಮಿ ಹಿಡಿಯುವುದು. ಚೀಲದಲ್ಲಿ ರಕ್ತ ತುಂಬಿದ್ದರೆ ಸೂಜಿ ಚುಚ್ಚಿ ಹೊರತೆಗೆಯುವುದು. ಎಷ್ಟೋ ತೂತುಗಳು ಇಷ್ಟಕ್ಕೇ ಮುಚ್ಚಿಕೊಳ್ಳುತ್ತವೆ. ಆದರೆ ಬಲೂನ್ ಹಿಡಿದಷ್ಟು ಹೊತ್ತೂ ಮುಂದಿನ ಮಾಂಸಕ್ಕೆ ರಕ್ತ ಇಲ್ಲ. ಮೊದಲೆಲ್ಲ ಇದಕ್ಕೂ ಬಗ್ಗದಿದ್ದರೆ ಎದೆ ತೆರೆದು ಆಪರೇಷನ್ನೇ ಗತಿ.

ಸ್ಟೆಂಟ್‌ಗೆ ಹೊದಿಕೆ ಹಾಕಿದರೆ ಹೇಗೆ? 1990ರ ದಶಕದಲ್ಲಿ ಗ್ರೀಸ್‌ನ ವೈದ್ಯರು ರೋಗಿಯದೇ ರಕ್ತನಾಳದ ತುಂಡನ್ನು ಸ್ಟೆಂಟ್‌ಗೆ ಸುತ್ತಿ ನೋಡಿದರು. ಜಾಣ ಉಪಾಯವೇ. ಆದರೆ ರಕ್ತ ಸೋರುತ್ತಿರುವಾಗ ಕೂತು ಹೊಲಿಯುವವರು ಯಾರು? ಆಮೇಲೆ ಬಂದದ್ದು ಯೋಮೆಡ್ ಕಂಪನಿಯ ‘ಯೋಸ್ಟೆಂಟ್’. ಎರಡು ಉಕ್ಕಿನ ಜಾಳಿಗೆಗಳ ನಡುವೆ ದೋಸೆ ತವೆಗೆ ಬಳಿಯುವ ಟೆಫ್ಲಾನ್ ಜಾತಿಯ ಒಂದು ಪದರ. 2001ರಲ್ಲಿ ಅಮೆರಿಕದ ಔಷಧ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಇದಕ್ಕೆ ‘ಮಾನವೀಯ ವಿನಾಯಿತಿ’ಯ ಅಡಿ ಒಪ್ಪಿಗೆ ಕೊಟ್ಟಿತು. ಕೆಲವೇ ರೋಗಿಗಳಿಗೆ ಬೇಕಾಗುವ ಉಪಕರಣಕ್ಕೆ ಇರುವ ದಾರಿ ಅದು. ಮುಂದೆ ಅಬಾಟ್ ಕಂಪನಿಯ ಕೈಗೆ ಹೋಗಿ ‘ಗ್ರಾಫ್ಟ್‌ಮಾಸ್ಟರ್’ ಆಯಿತು.

ಇದಕ್ಕೆ ಇನ್ನೂ ದೊಡ್ಡ ಕನಸೂ ಇತ್ತು. ಬೈಪಾಸ್‌ಗೆ ಹಾಕಿದ ಹಳೇ ಸಿರೆಗಳಲ್ಲಿ ಇದನ್ನು ಕೂರಿಸಿದರೆ ಹೊದಿಕೆ ಕೊಬ್ಬಿನ ಚೂರನ್ನು ಹಿಡಿದಿಡುತ್ತದೆ, ಮತ್ತೆ ಕಟ್ಟಿಕೊಳ್ಳುವುದೂ ತಪ್ಪುತ್ತದೆ ಅಂತ. 2003ರಲ್ಲಿ ಬಂದ ‘ರಿಕವರ್ಸ್’, ‘ಸ್ಟಿಂಗ್’ ಪ್ರಯೋಗಗಳು ಆ ಕನಸಿಗೆ ತಣ್ಣೀರು ಎರಚಿದವು. ಮಾಮೂಲಿ ಸ್ಟೆಂಟ್‌ಗಿಂತ ಏನೂ ಲಾಭ ಕಾಣಲಿಲ್ಲ. ಉಳಿದದ್ದು ಬೋಂಗಾ ಮುಚ್ಚುವ ಕೆಲಸ ಒಂದೇ.

ಅದೂ ಸಲೀಸಲ್ಲ. ಎರಡು ಜಾಳಿಗೆಯ ಈ ಸ್ಟೆಂಟ್ ದಪ್ಪ, ಗಡುಸು. ಸುಣ್ಣಗಟ್ಟಿದ, ಅಂಕುಡೊಂಕು ನಾಳಗಳಲ್ಲಿ ತೂತು ಬೀಳುವುದು ಜಾಸ್ತಿ. ಇದು ಬಾಗದೇ ಸಿಕ್ಕಿಕೊಳ್ಳುವುದೂ ಅಲ್ಲೇ. ಬಲೂನ್ ತೆಗೆಯದೆ ಸ್ಟೆಂಟ್ ಒಯ್ಯಲು ಇನ್ನೊಂದು ಕೈ ಅಥವಾ ತೊಡೆಸಂದಿಯಿಂದ ಎರಡನೇ ಕ್ಯಾಥೆಟರ್ (ಸ್ಟೆಂಟ್ ಸಾಗಿಸುವ ಸಣ್ಣ ಕೊಳವೆ) ತರುವ ‘ಪಿಂಗ್-ಪಾಂಗ್’ ವಿಧಾನ ಹುಟ್ಟಿದ್ದು ಇದೇ ಫಜೀತಿಯಿಂದ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟ್ ತುಂಡುಗಳನ್ನು ಇಳಿಸಿದ್ದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡಿದೆವು ಅಲ್ವಾ? ಅಲ್ಲಿ ದಿನಗಳು ಸಿಕ್ಕವು. ಇಲ್ಲಿ ನಿಮಿಷ.

ಮುಂದಿನ ದೊಡ್ಡ ಹೆಜ್ಜೆಗೆ 17 ವರ್ಷ ಹಿಡಿಯಿತು. 2018ರಲ್ಲಿ ಎಫ್‌ಡಿಎ ಒಪ್ಪಿದ ಬಯೋಟ್ರಾನಿಕ್ ಕಂಪನಿಯ ‘ಪಪೈರಸ್’ನಲ್ಲಿ ಜಾಳಿಗೆ ಒಂದೇ, ಮೇಲೆ ತೆಳು ಪಾಲಿಯುರೆಥೇನ್ ಪದರ. ಎಫ್‌ಡಿಎ ನೋಡಿದ 80 ರೋಗಿಗಳಲ್ಲಿ 76 ಜನರಿಗೆ ಅದು ಜಾಗಕ್ಕೆ ತಲುಪಿತ್ತು. 73 ಜನರಲ್ಲಿ ತೂತು ಮುಚ್ಚಿತ್ತು. ಇಬ್ಬರು ಚಿಕಿತ್ಸೆ ನಡೆಯುವಾಗಲೇ ತೀರಿಕೊಂಡರು, ಇನ್ನೊಬ್ಬರು ಆಸ್ಪತ್ರೆಯಲ್ಲಿದ್ದಾಗ. ಚೀಟಿ ಎತ್ತಿ ಒಬ್ಬರಿಗೆ ಹಾಕಿ, ಇನ್ನೊಬ್ಬರಿಗೆ ಬಿಟ್ಟು ಹೋಲಿಸಿ ನೋಡುವ ಪ್ರಯೋಗ ಇಲ್ಲಿ ಸಾಧ್ಯವಿಲ್ಲ. ಹಾಗಾಗಿ ಇಂಥ ಸಣ್ಣ ಲೆಕ್ಕಗಳನ್ನೇ ನಂಬಬೇಕು.

ಬೆಲೆ ತೆರುವುದು ಆಮೇಲೆ. ಬೋಂಗಾಕ್ಕೆ ತಾಡಪಾಲು ಹೊದಿಸುವಾಗ ಪಕ್ಕದ ತೂಬೂ ಮುಚ್ಚಿಹೋದರೆ ಆ ಹೊಲಕ್ಕೆ ನೀರಿಲ್ಲ. ಇಲ್ಲೂ ಹಾಗೇ. ಹೊದಿಕೆಯ ಅಡಿ ಬಂದ ಕವಲು ನಾಳ ಬಂದ್ ಆಗುತ್ತದೆ, ಅಷ್ಟು ಭಾಗಕ್ಕೆ ಹಾರ್ಟ್ ಅಟ್ಯಾಕ್ ಆಗಬಹುದು. ಮಾಮೂಲಿ ಸ್ಟೆಂಟ್‌ನ ಕಿಂಡಿಗಳಲ್ಲಿ ನಾಳದ ಒಳಪೊರೆ ಬೆಳೆದು ಲೋಹವನ್ನು ಮುಚ್ಚುತ್ತದೆ. ಕವರ್ ಇದ್ದರೆ ಅದು ಎರಡು ತುದಿಯಿಂದ ನಿಧಾನಕ್ಕೆ ತೆವಳಿ ಬರಬೇಕು. ಅಲ್ಲಿಯವರೆಗೆ ಗಡ್ಡೆ ಕಟ್ಟುವ ಭಯ. ತುದಿಗಳಲ್ಲಿ ಮತ್ತೆ ಸಂದು ಕಿರಿದಾಗುವುದೂ ಔಷಧ ಲೇಪಿಸಿದ ಸ್ಟೆಂಟ್‌ಗಿಂತ ಜಾಸ್ತಿ. ಅದಕ್ಕೇ ರಕ್ತ ತೆಳು ಮಾಡುವ ಎರಡು ಮಾತ್ರೆ, ಅದೂ ಬಹಳ ದಿನ.

ಬ್ರಿಟನ್ನಿನಲ್ಲಿ 2006ರಿಂದ 2013ರವರೆಗಿನ 5 ಲಕ್ಷಕ್ಕೂ ಮೀರಿದ ಚಿಕಿತ್ಸೆಗಳಲ್ಲಿ ತೂತು ಬಿದ್ದದ್ದು ಶೇ 0.33. ವರ್ಷಕ್ಕೆ 500 ಆಂಜಿಯೋಪ್ಲಾಸ್ಟಿ ಮಾಡುವ ಕಡೆ ಒಂದೋ ಎರಡೋ ಸಲ ಆಯಿತು. ಅದರಲ್ಲೂ ಎಲ್ಲಕ್ಕೂ ಈ ಸ್ಟೆಂಟ್ ಬೇಡ. ಮೊದಲು ನಮ್ಮವರು ಬೆಂಗಳೂರು, ಹೈದರಾಬಾದ್ ಬಸ್ ಹತ್ತಬೇಕಿತ್ತು. ಈಗ ಬಳ್ಳಾರಿ, ರಾಯಚೂರಿನಲ್ಲೇ ಆಂಜಿಯೋಪ್ಲಾಸ್ಟಿ ಆಗುತ್ತದೆ, ಕಲಬುರಗಿಗೆ ಜಯದೇವ ಬಂದಿದೆ. ಸಣ್ಣ ಲ್ಯಾಬ್‌ಗೆ ಇದು ಕಪಾಟಿನಲ್ಲಿ ಕೂತು ಎಕ್ಸ್‌ಪೈರಿ ಆಗುವ ದುಬಾರಿ ಸಾಮಾನು. ಆದರೂ ಎರಡು ಮೂರು ಅಳತೆಯವು ಇರಲೇಬೇಕು. ತೂತು ಬಿದ್ದ ಮೇಲೆ ಆರ್ಡರ್ ಮಾಡೋಕಾಗಲ್ಲ.

ಮಾವ ಈಗ ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಜೇಬಲ್ಲಿ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಹಲ್ಲು ಕೀಳಿಸಲು ಹೋದಾಗ, ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ ಎಂದರಂತೆ. ಮಾವ ಚೀಟಿ ಮುಂದಿಟ್ಟರು. ಹಲ್ಲಿನ ಡಾಕ್ಟರು ಅದನ್ನು ಎರಡು ಸಲ ಓದಿ, ಹೃದಯದ ಡಾಕ್ಟರಿಗೆ ಫೋನ್ ಹಚ್ಚಿದರು.