ಯಾರೂ ಹೇಳಿಕೊಡದ ಮುಜುಗರ ಬಂದದ್ದೆಲ್ಲಿಂದ?

ಪ್ರಶ್ನೆ: "ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಕೆಟ್ಟದಾಗಿ ಹೇಳಿಕೊಟ್ಟಿಲ್ಲ. ಆದರೂ ಅಂಥವರು ಎದುರು ಬಂದರೆ ಏನೋ ಮುಜುಗರ. ಇದು ಹುಟ್ಟುಗುಣವಾ, ಕಲಿತದ್ದಾ?" (ಓದುಗರೊಬ್ಬರು, ದಾವಣಗೆರೆ)

ಕಲಿತದ್ದು. ಪಾಠ ಮಾಡಿ ಕಲಿಸಿದ್ದಲ್ಲ, ನಕ್ಕು ಕಲಿಸಿದ್ದು.

ನಿಮ್ಮೂರಿನ ಯಾವುದಾದರೂ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಸಂಜೆ ನಿಂತು ನೋಡಿ. ಆರು ಹುಡುಗರ ಗುಂಪು. ಸ್ವಲ್ಪ ಬಳುಕಿ ನಡೆಯುವ ಹುಡುಗನೊಬ್ಬ ದಾಟಿ ಹೋಗುತ್ತಾನೆ. ಗುಂಪಿನಲ್ಲಿ ಒಬ್ಬ ಚಪ್ಪಾಳೆ ತಟ್ಟುತ್ತಾನೆ, ನಾಲ್ವರು ನಗುತ್ತಾರೆ. ಆರನೆಯವನಿಗೆ ನಗು ಬಂದಿಲ್ಲ. ಆದರೂ ಹಲ್ಲು ಬಿಡುತ್ತಾನೆ. ಬಿಡದಿದ್ದರೆ ಮುಂದಿನ ಚಪ್ಪಾಳೆ ತನಗೇ ಅಂತ ಅವನಿಗೆ ಗೊತ್ತು. ಉಳಿದವರಲ್ಲೂ ಒಬ್ಬಿಬ್ಬರದ್ದು ಇಂಥದ್ದೇ ನಗು ಇರಬಹುದು, ಯಾರಿಗೆ ಗೊತ್ತು? ನಾವು "ನಾಲ್ಕು ಜನ ಏನಂತಾರೆ" ಅಂತ ಹೆದರುತ್ತೇವಲ್ಲ, ಆ ನಾಲ್ಕು ಜನಾನೂ ಅದನ್ನೇ ಹೇಳಿಕೊಂಡು ಹೆದರುತ್ತಿರುತ್ತಾರೆ.

ಅದೇ ಓಣಿಗೆ ಮಂಗಳವಾರ ಎಲ್ಲಮ್ಮನಿಗೆ ಮುಡಿಪಾದ ಟ್ರಾನ್ಸ್‌ಜೆಂಡರ್ ಜೋಗತಿ, ತಲೆ ಮೇಲೆ ಜಗ (ದೇವಿಯ ಮೂರ್ತಿ ಇಟ್ಟ ಬುಟ್ಟಿ) ಹೊತ್ತು ಬಂದರೆ? ಅಜ್ಜಿ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. ಮೊಮ್ಮಗನೂ ಕೈ ಮುಗಿಯುತ್ತಾನೆ. ಅದೇ ಜೋಗತಿ ಬಾಡಿಗೆ ಮನೆ ಕೇಳಿದರೆ ಮಾತ್ರ ಮನೆ ಖಾಲಿ ಇರುವುದಿಲ್ಲ! ಕೈ ಮುಗಿಯುವುದು, ಮುಖ ತಿರುಗಿಸುವುದು, ಎರಡನ್ನೂ ಮೊಮ್ಮಗ ದೊಡ್ಡವರನ್ನು ನೋಡಿಯೇ ಕಲಿಯುತ್ತಾನೆ.

ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಮನೆ ಬಿಟ್ಟು ಅಲೆಯುತ್ತಿದ್ದಾಗ ಜೋಗತಿ ಕುಣಿತ ಕಂಡದ್ದು ನಿಮ್ಮ ದಾವಣಗೆರೆಯಲ್ಲೇ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ತಗೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದದ್ದನ್ನು ಟೀವಿಯಲ್ಲಿ ನೋಡಿ ಖುಷಿಪಟ್ಟವರು ಎಷ್ಟೋ ಜನ. ಆದರೆ ಬಳುಕಿ ನಡೆದ ಆ ಹುಡುಗನ ತಲೆ ಮೇಲೆ ಜಗವೂ ಇಲ್ಲ, ಎದೆ ಮೇಲೆ ಪದಕವೂ ಇಲ್ಲ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಸಲಿಂಗ ಪ್ರೀತಿ ಅಪರಾಧ ಅಲ್ಲ ಅಂದಿತು. ಕಾನೂನು ಒಂದೇ ದಿನದಲ್ಲಿ ಬದಲಾಯಿತು. ಮಂಡಕ್ಕಿ ಅಂಗಡಿಗೆ ಅಷ್ಟು ಬೇಗ ಸುದ್ದಿ ಮುಟ್ಟುವುದಿಲ್ಲ.

ಹಾಗಂತ ಕಲಿತದ್ದು ಹೋಗುವುದೇ ಇಲ್ಲ ಅಂತಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಮಯಾಮಿಯಲ್ಲಿ ಮನೆಮನೆಗೆ ಹೋಗಿ ಸುಮಾರು 10 ನಿಮಿಷ ಮಾತಾಡಿಸಿದ್ದರು. ಭಾಷಣ ಮಾಡಲಿಲ್ಲ. "ನೀವು ಬೇರೆ ಥರ ಇದ್ದೀರಿ ಅಂತ ಯಾರಾದರೂ ನಿಮ್ಮನ್ನು ಕೀಳಾಗಿ ಕಂಡದ್ದುಂಟಾ?" ಅಂತ ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಂಡರು. ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಅವರಿಗಿದ್ದ ಅಸಹನೆ ಕಡಿಮೆಯಾಯಿತು, 3 ತಿಂಗಳಾದ ಮೇಲೂ ಆ ಬದಲಾವಣೆ ಉಳಿದಿತ್ತು.

ಎಲ್ಲರೂ ನಗುವಾಗ ನಗದೆ ನಿಂತರೆ ನನ್ನನ್ನೇ ಆಡಿಕೊಳ್ಳುತ್ತಾರಲ್ಲ ಅಂತೀರಾ? ಆಡಿಕೊಳ್ಳಬಹುದು. ಆದರೆ 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಮಾಡಿದ ಪ್ರಯೋಗಗಳಲ್ಲಿ, ಗುಂಪು ಕಣ್ಣೆದುರಿನ ಗೆರೆಯ ಉದ್ದವನ್ನೇ ತಪ್ಪು ಹೇಳಿದಾಗ ಎಷ್ಟೋ ಜನ ಹೂಂ ಅಂದುಬಿಟ್ಟಿದ್ದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕಿತ್ತು, ಹಾಗೆ ಹೂಂ ಅನ್ನುವುದು ತೀರಾ ಕಡಿಮೆಯಾಗುತ್ತಿತ್ತು.