ಮಂಡಿಪೇಟೆಯಲ್ಲಿ ಬೆಳಗಿನ ಜಾವ ನಾಲ್ಕೂವರೆಯ ಬಿಲ್ಲು

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇದೆ. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಾವ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ಮುಜುಗರ ಜಾಸ್ತಿ ಇತ್ತು.

“ಲೇ, ಅದೇನೋ ಲಿನಕ್ಸ್ ಹಾಕಿ ಹೋದ್ಯಲ್ಲ, ಅವತ್ತಿಂದ ಬಿಲ್ಲಿನಾಗೆ ಟೈಮ್ ಏನೇನೋ ಬರ್ತೈತಿ. ಗಿರಾಕಿ ಕೇಳ್ತಾನೆ, ‘ಏನ್ ಸಾವ್ಕಾರ್ರೆ, ಬೆಳಗಿನ ಜಾವ ನಾಲ್ಕೂವರೆಗೇ ಅಂಗಡಿ ತೆಗೀತೀರಾ?’ ಅಂತ.”

ಹಾಕಿದ್ದು ನಾನೇ. ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಈ ಲಿನಕ್ಸ್. ಮಾವನ ಕಂಪ್ಯೂಟರ್ ಹಳೇದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಮಾವನ ಮಷೀನಿನಲ್ಲಿ ಎರಡೂ ಇಲ್ಲ. ಬಿಲ್ ಹಾಕುವ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಡೆ ಓಡುವುದಿಲ್ಲ. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಎರಡೂ ಇಟ್ಟೆ. ನೆಟ್ ಕಿತ್ತುಹಾಕಿದ ವಿಂಡೋಸ್ ಬಿಲ್ಲಿಗೆ, ಮಿಂಟ್ ಎಂಬ ಬಗೆಯ ಲಿನಕ್ಸ್ ಪೇಪರ್ ಓದುವುದಕ್ಕೆ, ಬ್ಯಾಂಕ್ ನೋಡುವುದಕ್ಕೆ.

ನಾನು ಊರಿಗೆ ಹೋಗುವಷ್ಟರಲ್ಲಿ ಮಾವ ರಿಪೇರಿ ಹುಡುಗನನ್ನು ಕರೆಸಿದ್ದರು. ಅವನು ನೋಡಿದ ಕೂಡಲೇ ಹೇಳಿದನಂತೆ, ಸಿಮಾಸ್ ಸೆಲ್ಲು ಹೋಗೈತಿ. ಅಂದರೆ ಕಂಪ್ಯೂಟರಿನೊಳಗಿನ ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿ. ಹೊಸ ಸೆಲ್ ಹಾಕಿ, ಟೈಮ್ ಸರಿಮಾಡಿ ಹೋದ. ಆ ದಿನವೆಲ್ಲ ಬಿಲ್ಲು ಸರಿಯಾಗಿ ಬಂತು. ರಾತ್ರಿ ಮಾವ ಲಿನಕ್ಸ್ ತೆರೆದು ಪೇಪರ್ ಓದಿದರು. ಮಾರನೇ ದಿನ ಮತ್ತೆ ಅದೇ ಕಥೆ.

ಹುಡುಗ ದಡ್ಡನಲ್ಲ. ವಿಂಡೋಸ್ ಒಂದೇ ಇರುವ ಕಂಪ್ಯೂಟರಿನಲ್ಲಿ ಟೈಮ್ ಕೆಟ್ಟರೆ ನೂರಕ್ಕೆ ತೊಂಬತ್ತು ಸಲ ಸೆಲ್ಲೇ ಕಾರಣ. ಆದರೆ ಒಂದು ವಿಷಯ ಅವನೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ. ಎಷ್ಟು ಹಿಂದೆ? ಹತ್ತು ಗಂಟೆಗೆ ನಾಲ್ಕೂವರೆ ತೋರಿಸಿದರೆ ಐದೂವರೆ ಗಂಟೆ ಹಿಂದೆ. ಸೆಲ್ ಸತ್ತ ಗಡಿಯಾರ ಹಾಗೆ ಲೆಕ್ಕ ಇಟ್ಟುಕೊಂಡು ತಪ್ಪುವುದಿಲ್ಲ. ಅದು ತಾರೀಖನ್ನೂ ಮರೆತು ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂತಿರುತ್ತದೆ.

ಐದೂವರೆ ಅಂದ ಕೂಡಲೇ ಏನೋ ನೆನಪಾಗಬೇಕು, ಅಲ್ವಾ? ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾಗಿಸಿ ನೋಡಿ, ಐದೂವರೆ. ಗ್ರೀನಿಚ್‌ಗೂ ನಮಗೂ ಇರುವ ಅಂತರ ಅದು. ಅಂದರೆ ಮಾವನ ಕಂಪ್ಯೂಟರ್ ಹಾದಿ ತಪ್ಪಿರಲಿಲ್ಲ. ಮಂಡಿಪೇಟೆಯಲ್ಲಿ ಕೂತು ಗ್ರೀನಿಚ್ ಟೈಮ್ ಹೇಳುತ್ತಿತ್ತು, ಅಷ್ಟೇ.

ಇದು ಹೇಗಾಯಿತು ಅಂದರೆ, ಕಂಪ್ಯೂಟರ್ ಆಫ್ ಆದಮೇಲೂ ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಗಡಿಯಾರ ಆ ಸೆಲ್ಲಿನ ಬಲದಿಂದ ನಡೆಯುತ್ತಲೇ ಇರುತ್ತದೆ. ಒಳಗಿರುವುದು ಕೈಗಡಿಯಾರದಲ್ಲಿರುವಂಥದೇ ಒಂದು ಹರಳು, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡ್. ಆ ಗಡಿಯಾರಕ್ಕೆ ದೇಶ, ಊರು ಏನೂ ಗೊತ್ತಿಲ್ಲ. ಒಂದು ಅಂಕಿ ಇಟ್ಟುಕೊಂಡಿರುತ್ತದೆ. ಅದನ್ನು ಹೇಗೆ ಓದಬೇಕು ಅನ್ನುವುದು ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟದ್ದು. ವಿಂಡೋಸ್ ಬಂದದ್ದು ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್‌ನ ಮನೆತನದಿಂದ. ಮೇಜಿನ ಮೇಲೆ ಒಂದು ಪಿಸಿ, ಅದಕ್ಕೊಬ್ಬ ಯಜಮಾನ. ಹಾಗಾಗಿ ಅಲ್ಲಿ ಬರೆದಿಡುವುದು ಊರಿನ ಟೈಮನ್ನು. ಲಿನಕ್ಸ್ ಬಂದದ್ದು ಯುನಿಕ್ಸ್ ಎಂಬ ಇನ್ನೊಂದು ಹಳೇ ಆಪರೇಟಿಂಗ್ ಸಿಸ್ಟಮ್‌ನ ಮನೆತನದಿಂದ. ಒಂದು ದೊಡ್ಡ ಯಂತ್ರ, ಹತ್ತಾರು ಬಳಕೆದಾರರು, ಎಲ್ಲೆಲ್ಲಿಂದಲೋ ಬರುವವರು. ಅದು 1970ರ ಜನವರಿ 1ರಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸುತ್ತದೆ, ಜಗತ್ತಿಗೆಲ್ಲ ಒಂದೇ ಎಣಿಕೆ. ನಮ್ಮ ಊರಿಗೆ ತೋರಿಸುವಾಗ ಮಾತ್ರ ಐದೂವರೆ ಕೂಡಿಸುತ್ತದೆ.

ರಾತ್ರಿ ಲಿನಕ್ಸ್ ನೆಟ್‌ನಿಂದ ಸರಿಯಾದ ಸಮಯ ತಿಳಿದುಕೊಂಡು ಆ ಗಡಿಯಾರಕ್ಕೆ ಜಾಗತಿಕ ಸಮಯ, ಅಂದರೆ ಗ್ರೀನಿಚ್ ಟೈಮ್, ಬರೆದಿಡುತ್ತದೆ. ಬೆಳಿಗ್ಗೆ ವಿಂಡೋಸ್ ಎದ್ದು ಅದನ್ನೇ ದಾವಣಗೆರೆ ಸಮಯ ಅಂತ ಓದುತ್ತದೆ. ಅತ್ತೆ ಬರೆದಿಟ್ಟ ಲೆಕ್ಕವನ್ನು ಸೊಸೆ ಓದಿದ ಹಾಗೆ. ಇಬ್ಬರದೂ ತಪ್ಪಿಲ್ಲ, ಲೆಕ್ಕ ಮಾತ್ರ ತಪ್ಪು.

ಪರಿಹಾರ ಒಂದೇ ಸಾಲು. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (timedatectl) ಎಂಬ ಆಜ್ಞೆ ಇದೆ, ಅದಕ್ಕೆ ‘ನೀನೂ ಊರಿನ ಟೈಮನ್ನೇ ಬರೆ’ ಅಂದರೆ ಆಯಿತು. ಹಾಗೆ ಮಾಡಿದಾಗ ಅದು ಉದ್ದದ ಎಚ್ಚರಿಕೆ ಕೊಡುತ್ತದೆ, ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಕಾಲಕ್ಕೆ ತೊಂದರೆಯಾಗಬಹುದು ಅಂತ. ಅದನ್ನು ಓದಿ ಹೆದರಿ ಹಿಂದೆ ಸರಿದವರನ್ನು ನೋಡಿದ್ದೇನೆ. ನಮ್ಮಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಟೈಮ್ ಇಲ್ಲವಲ್ಲ. ಆ ಎಚ್ಚರಿಕೆ ಮಂಡಿಪೇಟೆಗೆ ಲಾಗೂ ಆಗುವುದಿಲ್ಲ.

ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಲಿನಕ್ಸ್‌ಗೆ ಬಂದವರು ‘ಸಹಾಯ ಸಿಗಲ್ಲ’ ಅಂತ ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಹಾಯ ರಾಶಿ ಬಿದ್ದಿದೆ. ‘ಟೈಮ್ ಕೆಟ್ಟಿದೆ’ ಅಂದರೆ ಉತ್ತರ ಸೆಲ್ಲು. ‘ಎರಡೂ ಹಾಕಿದ ಮೇಲೆ ವಿಂಡೋಸ್ ಟೈಮ್ ಐದೂವರೆ ಗಂಟೆ ಹಿಂದೆ’ ಅಂತ ನೆಟ್‌ನಲ್ಲಿ ಹುಡುಕಿದರೆ ಉತ್ತರ ಮೊದಲ ಪುಟದಲ್ಲೇ. ಡಾಕ್ಟರ ಹತ್ತಿರ ‘ಮೈಯಲ್ಲಿ ಹುಷಾರಿಲ್ಲ’ ಅನ್ನುವುದಕ್ಕೂ ‘ಊಟವಾದ ಅರ್ಧ ಗಂಟೆಗೆ ಬಲಪಕ್ಕೆ ಹಿಡಿಯುತ್ತೆ’ ಅನ್ನುವುದಕ್ಕೂ ಇರುವ ವ್ಯತ್ಯಾಸ.

ವಿಂಡೋಸ್‌ನಲ್ಲಿ ಈ ಕಷ್ಟ ಯಾಕಿರಲಿಲ್ಲ? ನಾವೇನು ಅಮೆರಿಕದ ಕಂಪನಿಗೆ ಫೋನ್ ಮಾಡುತ್ತಿದ್ದೆವಾ? ಇಲ್ಲ. ಸೈಬರ್ ಕೆಫೆಯವನು, ಕಂಪ್ಯೂಟರ್ ಕ್ಲಾಸಿನ ಮೇಡಂ, ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ, ಇವರೇ ಕಲಿಸಿದ್ದು. ಅವರ ಮುಂದೆ ವಿವರಿಸಬೇಕಾಗಿರಲಿಲ್ಲ, ಪರದೆ ತೋರಿಸಿದರೆ ಸಾಕಿತ್ತು. ಲಿನಕ್ಸ್‌ಗೆ ಬರುವವರು ಬಿಟ್ಟುಬರುವುದು ಒಂದು ಸಾಫ್ಟ್‌ವೇರನ್ನಲ್ಲ, ಒಂದು ಓಣಿಯನ್ನು. ಹೊಸ ಓಣಿಯಲ್ಲಿ ಬಲ್ಲವರಿದ್ದಾರೆ, ಆದರೆ ದೂರದಲ್ಲಿದ್ದಾರೆ, ಪರದೆ ಅವರಿಗೆ ಕಾಣುವುದಿಲ್ಲ. ಮಾತಿನಲ್ಲೇ ತೋರಿಸಬೇಕು.

ಹೊಸಬರು ಎಡವುವ ಜಾಗಗಳೂ ಹೆಚ್ಚುಕಮ್ಮಿ ಒಂದೇ. 1987ರಲ್ಲಿ ಜಾನ್ ಕ್ಯಾರಲ್, ಮೇರಿ ಬೆತ್ ರಾಸನ್ ಎಂಬ ಇಬ್ಬರು ಸಂಶೋಧಕರು ಕಂಪ್ಯೂಟರ್ ಬಳಸುವವರ ಸ್ವಭಾವದ ಬಗ್ಗೆ ಬರೆದರು. ಜನ ಕೈಪಿಡಿ ಓದುವುದಿಲ್ಲ, ನೇರ ಕೆಲಸಕ್ಕೆ ಇಳಿಯುತ್ತಾರೆ. ಜೊತೆಗೆ, ಹೊಸದನ್ನು ನೋಡಿದಾಗ ಹಳೇ ಅನುಭವವನ್ನೇ ಅದರ ಮೇಲೆ ಹೊದಿಸುತ್ತಾರೆ, ಹೊಂದಲಿ ಬಿಡಲಿ. ನಾನು ಅದಕ್ಕೆ ಜೀವಂತ ಸಾಕ್ಷಿ. ಲಿನಕ್ಸ್ ಹಾಕಿದ ಮೊದಲ ಸಂಜೆ ಪೂರ್ತಿ ಸಿ ಡ್ರೈವ್ ಹುಡುಕಿದ್ದೇನೆ. ಅಲ್ಲಿ ಸಿ ಇಲ್ಲ, ಡಿ ಇಲ್ಲ. ಸಿ ಎಂಬ ಹೆಸರೇ ಒಂದು ಹಳೇ ಗಾಯದ ಗುರುತು. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕ್ ಮೂರನೆಯದಾಗಿ ಬಂತು. ಲಿನಕ್ಸ್‌ನಲ್ಲಿ ಇರುವುದು ಒಂದೇ ತೊಟ್ಟಿ ಮನೆ. ಪೆನ್ ಡ್ರೈವ್ ಹಾಕಿದರೂ ಅದು ಬೇರೆ ಮನೆಯಾಗುವುದಿಲ್ಲ, ಇದೇ ಮನೆಗೆ ಒಂದು ಕೋಣೆ ಸೇರುತ್ತದೆ.

ಇನ್ನೊಂದು, ಟರ್ಮಿನಲ್ ಎಂಬ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳಿದಾಗ ಬೆರಳು ಒತ್ತಿದರೂ ಪರದೆಯ ಮೇಲೆ ಏನೂ ಮೂಡದಿರುವುದು. ಕೀಬೋರ್ಡ್ ಕೆಟ್ಟಿತು ಅಂತ ಅಂಗಡಿಗೆ ಹೊರಟವರಿದ್ದಾರೆ. ಬೆನ್ನ ಹಿಂದೆ ನಿಂತವರಿಗೆ ಪಾಸ್‌ವರ್ಡ್ ಎಷ್ಟು ಉದ್ದ ಅನ್ನುವುದೂ ತಿಳಿಯಬಾರದು ಅಂತ ಹಾಗೆ ಮಾಡಿದ್ದು. ಕೆಲವು ಲಿನಕ್ಸ್‌ಗಳು ಈಗ ನಕ್ಷತ್ರ ತೋರಿಸುತ್ತವೆ. ತೋರಿಸದಿದ್ದರೆ ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ. ಹಾಗೇ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಇದ್ದರೆ ಲಿನಕ್ಸ್‌ಗೆ ಅವು ಎರಡು ಬೇರೆ ಫೈಲುಗಳು. ಫೈಲಿಗೆ ಕನ್ನಡದಲ್ಲೇ ಹೆಸರಿಡಿ, ಆ ತಾಪತ್ರಯವೇ ಇಲ್ಲ.

ಕನ್ನಡದ ಮಾತು ಬಂದದ್ದಕ್ಕೆ ಒಂದು ಖುಷಿಯ ಸಂಗತಿ. ‘ನುಡಿ ಸಾಫ್ಟ್‌ವೇರ್ ಇಲ್ಲದೆ ಹೇಗೆ ಟೈಪ್ ಮಾಡಲಿ’ ಅನ್ನುವುದು ನಮ್ಮ ಕಡೆ ಡಿಟಿಪಿಯವರ ಮೊದಲ ಪ್ರಶ್ನೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿ ತೆರೆದು ಕನ್ನಡಕ್ಕೆ ಹೋಗಿ, ‘ಕಗಪ’ ಅಂತ ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದ, ನುಡಿಯಲ್ಲಿ ಕೈ ಪಳಗಿದವರ ಅದೇ ಕೀಲಿಮಣೆ. ಅಷ್ಟೇ ಅಲ್ಲ, ಹಿಂದಿ, ಮರಾಠಿ, ತೆಲುಗಿನ ಪಟ್ಟಿಯಲ್ಲೂ ಕಗಪ ಇದೆ. ನಮ್ಮೊಂದು ಸಂಸ್ಥೆಯ ಹೆಸರು ಜಗತ್ತಿನ ಲಿನಕ್ಸ್ ಕಂಪ್ಯೂಟರುಗಳಲ್ಲೆಲ್ಲ ಸದ್ದಿಲ್ಲದೆ ಕೂತಿದೆ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳೂ ಸಿಗುತ್ತವೆ. ಹಳೇ ನುಡಿ ಫೈಲುಗಳು ಮಾತ್ರ ಗೋಜಲಾಗಿ ತೆರೆದುಕೊಳ್ಳುತ್ತವೆ. ಆಗ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯುನಿಕೋಡ್ ಬಳಸದೆ, ಇಂಗ್ಲಿಷ್ ಅಕ್ಷರದ ಸಂಕೇತಗಳಿಗೆ ಕನ್ನಡದ ತುಣುಕುಗಳನ್ನು ಅಂಟಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ, ವಿಂಡೋಸ್‌ನಲ್ಲಾದರೂ ಅಷ್ಟೇ. ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಮುಗಿಯಿತು.

ಸಹಾಯ ಕೇಳುವುದಕ್ಕೆ ಬರೋಣ. ಹಾಕುವ ಮುಂಚೆಯೇ ಅರ್ಧ ಪ್ರಶ್ನೆಗಳನ್ನು ಮುಗಿಸಿಕೊಳ್ಳಬಹುದು. ಪೆನ್ ಡ್ರೈವಿನಿಂದಲೇ ಲಿನಕ್ಸ್ ಓಡಿಸಿ, ವೈಫೈ, ಸೌಂಡು, ಪ್ರಿಂಟರ್ ನೋಡಿ. ಹಾರ್ಡ್ ಡಿಸ್ಕ್ ಮುಟ್ಟದೆ ವಾಪಸ್ ಬರಬಹುದು. ಹಾಕಿದ ಮೇಲೆ ಏನಾದರೂ ಕೆಟ್ಟರೆ ಮೊದಲು ಪರದೆಯ ಮೇಲಿನ ಎರರ್ ಸಾಲನ್ನು ಅಕ್ಷರಶಃ ಬರೆದುಕೊಳ್ಳಿ. ‘ಏನೋ ಇಂಗ್ಲಿಷ್‌ನಲ್ಲಿ ಬಂತು, ಕ್ಲೋಸ್ ಮಾಡಿದೆ’ ಅನ್ನುವವರಿಗೆ ದೇವರೂ ಸಹಾಯ ಮಾಡಲಾರ. ನಿಮ್ಮ ಪರದೆ ಕನ್ನಡದಲ್ಲಿದ್ದರೆ ಆ ಸಾಲನ್ನು ಇಂಗ್ಲಿಷ್‌ನಲ್ಲಿ ತರಿಸಿಕೊಂಡು ಹುಡುಕಿ. ಇದನ್ನು ಹೇಳಲು ನನಗೇ ಬೇಜಾರು, ಆದರೆ ಉತ್ತರಗಳಿರುವುದು ಅಲ್ಲೇ ಜಾಸ್ತಿ. ಇನ್‌ಕ್ಸಿ ಎಂಬ ಪುಟ್ಟ ಪ್ರೋಗ್ರಾಂ ಇದೆ. ಮಷೀನಿನ ಜಾತಕವನ್ನೇ ಬರೆದುಕೊಡುತ್ತದೆ, ಯಾವ ಪ್ರೊಸೆಸರ್, ಯಾವ ವೈಫೈ ಚಿಪ್, ಯಾವ ಆವೃತ್ತಿ. ಪ್ರಶ್ನೆಯ ಜೊತೆ ಅದನ್ನು ಕೊಟ್ಟರೆ ಬಲ್ಲವರ ಅರ್ಧ ಸಿಟ್ಟು ಇಳಿಯುತ್ತದೆ.

ಸಿಕ್ಕ ಉತ್ತರದ ವಯಸ್ಸನ್ನೂ ನೋಡಿ. ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್‌ನ ಆವೃತ್ತಿ ಸಂಖ್ಯೆಯೇ ಅದರ ಹುಟ್ಟಿದ ತಿಂಗಳು. 22.04 ಅಂದರೆ 2022ರ ಏಪ್ರಿಲ್. 2012ರ ಸಲಹೆಯನ್ನು ಇವತ್ತಿನ ಮಷೀನಿಗೆ ಅಂಟಿಸಿದರೆ ಹಾಳಾಗುವ ಸಾಧ್ಯತೆಯೇ ಹೆಚ್ಚು. ‘ಸುಡು’ (sudo) ಎಂಬ ಪದದಿಂದ ಶುರುವಾಗುವ ಸಾಲುಗಳ ಬಗ್ಗೆ ಇನ್ನೂ ಜಾಗ್ರತೆ. ಉಚ್ಚಾರಣೆ ಕನ್ನಡದ ಸುಡುವಿನಂತೆಯೇ ಇದೆ, ಕೆಲವೊಮ್ಮೆ ಕೆಲಸವೂ. ಅದು ಯಂತ್ರದ ಯಜಮಾನಿಕೆಯನ್ನು ಆ ಸಾಲಿಗೆ ಒಪ್ಪಿಸುತ್ತದೆ. ಅರ್ಥವಾಗದ ಸಾಲಿಗೆ ಮನೆಯ ಬೀಗದ ಕೈ ಕೊಡಬೇಡಿ.

ಕಂಪ್ಯೂಟರಿನೊಳಗೇ ‘ಮ್ಯಾನ್’ ಎಂಬ ಕೈಪಿಡಿ ಇದೆ. ಅದರ ಮೂಲ, ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರಿನಲ್ಲಿ ತಂದ ಯುನಿಕ್ಸ್ ಕೈಪಿಡಿ. ಬಲ್ಲವರು ಬಲ್ಲವರಿಗೆ ಬರೆದದ್ದು, ಹೊಸಬರಿಗೆ ಕಬ್ಬಿಣದ ಕಡಲೆ. ಅದನ್ನು ಓದದಿದ್ದಕ್ಕೆ ಯಾರಾದರೂ ಬೈದರೆ ಬೇಸರ ಬೇಡ, ಬೈಯುವವರೂ ಪೂರ್ತಿ ಓದಿರುವುದಿಲ್ಲ.

ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದಕ್ಕೆ ನನಗೆ ಇಷ್ಟವಾದ ಮಾದರಿ 1991ರ ಜುಲೈ 3ರದ್ದು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗನೊಬ್ಬ ಮಿನಿಕ್ಸ್ ಎಂಬ, ಯುನಿಕ್ಸ್‌ನಂಥ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬಳಸುವವರನ್ನು ಒಂದು ವಿಷಯ ಕೇಳಿದ. ನಾನೊಂದು ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಪಾಸಿಕ್ಸ್ ನಿಯಮಗಳು (ಯುನಿಕ್ಸ್ ಮನೆತನದ ಸಿಸ್ಟಮ್‌ಗಳು ಹೇಗಿರಬೇಕು ಅನ್ನುವ ನಿಯಮಗಳು) ಬೇಕು, ಕಂಪ್ಯೂಟರಿನಲ್ಲಿ ಓದಲು ಬರುವ ರೂಪದಲ್ಲಿದ್ದರೆ ಒಳ್ಳೆಯದು, ಎಲ್ಲಿ ಸಿಗುತ್ತದೆ? ಯಾಕೆ, ಏನು, ಯಾವ ರೂಪದಲ್ಲಿ, ಎಲ್ಲ ಎರಡು ಮೂರು ಸಾಲಿನಲ್ಲಿ. ಆ ಹುಡುಗ ಲಿನಸ್ ಟೊರ್ವಾಲ್ಡ್ಸ್. ಮುಂದಿನ ತಿಂಗಳು, ಆಗಸ್ಟ್ 25ರಂದು, ಸುಮ್ನೆ ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಅಂತ ಅದೇ ಜನಕ್ಕೆ ತಿಳಿಸಿದ. ಅದೇ ಮುಂದೆ ಲಿನಕ್ಸ್ ಆಯಿತು.

ಮಾವನ ಬಿಲ್ಲು ಈಗ ಸರಿ ಬರುತ್ತಿದೆ. ರಿಪೇರಿ ಹುಡುಗನಿಗೂ ಐದೂವರೆಯ ಗುಟ್ಟು ಹೇಳಿಕೊಟ್ಟೆ. ಅವನಿಗೆ ಖುಷಿಯೋ ಖುಷಿ. ಮೊನ್ನೆ ರಾತ್ರಿ ಫೋನ್ ಮಾಡಿದ.

“ಅಣ್ಣ, ಇಲ್ಲೊಬ್ರ ಸಿಸ್ಟಮ್‌ನಾಗೆ ಟೈಮ್ ಹಿಂದಕ್ಕೆ ಹೋಗೈತಿ. ಆ ಕಮಾಂಡ್ ಇನ್ನೊಂದ್ಸಲ ಹೇಳ್ರಿ.”

“ಎಷ್ಟು ಹಿಂದೆ ಹೋಗೈತಪ್ಪ?”

“2009ಕ್ಕೆ.”

“ಸೆಲ್ ಹಾಕು ಮಾರಾಯ.”