ಕುದುರೆ ಬಾಜಿಯ ತೆರಿಗೆಯಿಂದ ಬಸ್ಸು ಓಡಿಸಬಹುದೇ?

ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸ್‌ಗಳ ಸುತ್ತ ನಡೆಯುವ ಕುದುರೆ ಬಾಜಿಯನ್ನು ದಾವಣಗೆರೆ, ಚಿತ್ರದುರ್ಗದಂಥ ಊರುಗಳಿಗೂ ಅಧಿಕೃತ ಕೇಂದ್ರಗಳ ಮೂಲಕ ವಿಸ್ತರಿಸಿ, ಅದರಿಂದ ಬರುವ ತೆರಿಗೆಯನ್ನು ಸರ್ಕಾರಿ ಬಸ್ಸುಗಳಿಗೆ ಮೀಸಲಿಡಬಾರದೇಕೆ ಎಂಬ ಪ್ರಶ್ನೆಯನ್ನು, ತೆರಿಗೆ ಸಲಹೆಗಾರನಾದ ನನ್ನ ಮುಂದೆ ದಾವಣಗೆರೆಯ ವರ್ತಕರು ಆಗಾಗ ಇಡುತ್ತಾರೆ. ಪ್ರಶ್ನೆಯ ಹಿಂದಿರುವ ಕಾಳಜಿ ಸಾಚಾ ಆದದ್ದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ ಅನ್ವಯಿಸುವುದರಿಂದ, ಜಗಳೂರು, ಮೊಳಕಾಲ್ಮೂರು ಕಡೆ ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ಇದ್ದೂ ಇಲ್ಲದಂತೆ. ಬಸ್ಸು ಹೆಚ್ಚಬೇಕು, ಅದಕ್ಕೆ ಹಣ ಬೇಕು. ಆದರೆ ಆ ಹಣವನ್ನು ಕುದುರೆ ಬಾಜಿಯಲ್ಲಿ ಹುಡುಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ತೊಡಕು ಸಂವಿಧಾನದಲ್ಲೇ ಇದೆ. ಬಾಜಿ ಮತ್ತು ಜೂಜನ್ನು ನಿಯಂತ್ರಿಸುವ ಅಧಿಕಾರ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 34ನೇ ನಮೂದಿನಡಿ ಇಂದಿಗೂ ರಾಜ್ಯದ್ದೇ. 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆ ಆ ಅಧಿಕಾರದ ಫಲ. ಆದರೆ ಬಾಜಿಯ ಮೇಲೆ ತೆರಿಗೆ ಹಾಕುವ ಅಧಿಕಾರ 62ನೇ ನಮೂದಿನಲ್ಲಿತ್ತು. 2016ರ 101ನೇ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆಯಿತು. 2017ರ ಜುಲೈ 1ರಿಂದ ಕುದುರೆ ಬಾಜಿ ಜಿಎಸ್‌ಟಿಯ ಅಡಿ ಬಂದಿದೆ. ಅಂದರೆ ಬಾಜಿ ಕೇಂದ್ರಗಳನ್ನು ನಡೆಸಬೇಡಿ ಎಂದು ರಾಜ್ಯ ಹೇಳಬಹುದು, ನಡೆಸಿ ಎಂದೂ ಹೇಳಬಹುದು, ಆದರೆ ಅದರ ಮೇಲೆ ಪ್ರತ್ಯೇಕ ಸಾರಿಗೆ ಸೆಸ್, ಅಂದರೆ ಸಾರಿಗೆಗೆಂದೇ ಹೆಚ್ಚುವರಿ ತೆರಿಗೆ, ಹಾಕಲು ತಾನೊಂದೇ ತೀರ್ಮಾನಿಸುವಂತಿಲ್ಲ. ಕೇರಳ ಪ್ರವಾಹದ ನಂತರ ಶೇ 1ರ ಸೆಸ್ ಹಾಕಲು, ಕೇಂದ್ರ ಮತ್ತು ಎಲ್ಲ ರಾಜ್ಯಗಳು ಸೇರಿರುವ ಜಿಎಸ್‌ಟಿ ಮಂಡಳಿಯ ಒಪ್ಪಿಗೆ ಪಡೆಯಬೇಕಾಯಿತು. ಅದೂ ನೈಸರ್ಗಿಕ ವಿಕೋಪಕ್ಕೆಂದು, ನಿಗದಿತ ಅವಧಿಗೆಂದು ಸಂವಿಧಾನ ಕೊಟ್ಟಿರುವ ವಿಶೇಷ ಅವಕಾಶ. ಬಸ್ಸಿನ ಕೊರತೆ ಆ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಲೆಕ್ಕದ ವಿಷಯ. ರೇಸ್‌ನ ವಹಿವಾಟಿನ ದೊಡ್ಡ ಅಂಕಿ ಓದಿದವರು ಅದನ್ನೇ ಆದಾಯವೆಂದು ಭಾವಿಸುತ್ತಾರೆ. ಟೋಟಲೈಸೇಟರ್ ಪದ್ಧತಿಯಲ್ಲಿ ಎಲ್ಲರ ಹಣ ಒಂದೆಡೆ ಸೇರಿ, ರೇಸ್ ನಡೆಸುವ ಕ್ಲಬ್ಬಿನ ಕಮಿಷನ್ ಮುರಿದ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಹೀಗಾಗಿ ವಹಿವಾಟಿನ ಬಹುಪಾಲು ಜನರಿಂದ ಬಂದು ಜನರಿಗೇ ಮರಳುವ ಹಣ. ಜಿಎಸ್‌ಟಿ ಕಮಿಷನ್ ಮೇಲೆ ಮಾತ್ರ ಇರಬೇಕೆಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತ್ತು. ಬಳಿಕ ಕಾನೂನು ತಿದ್ದುಪಡಿಯಾಗಿ 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇ 28ರ ತೆರಿಗೆ ಸ್ಪಷ್ಟವಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ನೂರು ರೂಪಾಯಿ ಬಾಜಿಗೆ ನಲವತ್ತು ರೂಪಾಯಿ ತೆರಿಗೆ, ಅದರಲ್ಲಿ ರಾಜ್ಯದ ಪಾಲು ಇಪ್ಪತ್ತು. ಇಷ್ಟು ಭಾರವಿದ್ದರೆ ಬಾಜಿ ಕಟ್ಟುವವನು ತೆರಿಗೆಯೇ ಇಲ್ಲದ ಬುಕ್ಕಿಯ ಫೋನಿಗೆ ಕರೆ ಮಾಡುತ್ತಾನೆಯೇ ಹೊರತು ಅಧಿಕೃತ ಕೇಂದ್ರದ ಸಾಲಿನಲ್ಲಿ ನಿಲ್ಲುವುದಿಲ್ಲ. ಐಪಿಎಲ್ ಕಾಲದ ಬೆಟ್ಟಿಂಗ್ ದಂಧೆಯನ್ನು ಕಂಡಿರುವ ನಮ್ಮ ಜಿಲ್ಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಸ್ಸಿಗೆ ಡೀಸೆಲ್ ಮತ್ತು ಸಂಬಳ ದಿನವೂ ಬೇಕು. ರೇಸ್ ಆದಾಯವಾದರೋ ಒಂದು ಪರವಾನಗಿಯ ಮೇಲೆ ನಿಂತಿದೆ: ಬುಕ್ಕಿಗಳ ಮೇಲಿನ ದಾಳಿಗಳ ನಂತರ 2024ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿಗೆ ಪರವಾನಗಿ ನಿರಾಕರಣೆಯಾಗಿ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಇಂಥ ಆದಾಯವನ್ನು ನಂಬಿ ಹೊಳಲ್ಕೆರೆಗೋ ಹೊನ್ನಾಳಿಗೋ ಹೊಸ ಮಾರ್ಗ ಆರಂಭಿಸಲಾಗದು. ಇನ್ನು, 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದ ರಾಜ್ಯ, ಮಂಡಕ್ಕಿ ಭಟ್ಟಿಯ ಕಾರ್ಮಿಕರೂ ಎಪಿಎಂಸಿಯ ಹಮಾಲರೂ ಓಡಾಡುವ ಬೀದಿಯಲ್ಲಿ ಬಾಜಿ ಕೇಂದ್ರ ತೆರೆದು, ಅವರ ಕೂಲಿಯಿಂದಲೇ ಅವರ ಬಸ್ಸಿಗೆ ಹಣ ಹೊಂದಿಸುವುದನ್ನು ನಾನಂತೂ ಒಪ್ಪಲಾರೆ.

ಹೊರಗಿನ ಉದಾಹರಣೆ ಕೊಡುವವರೂ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಾಟರಿ ಹಣದಿಂದ ಹಿರಿಯ ನಾಗರಿಕರಿಗೆ ಉಚಿತ ಬಸ್ ಪ್ರಯಾಣ ದೊರೆಯುವುದು ನಿಜ, ಆದರೆ ಅಲ್ಲಿ ಲಾಟರಿ ನಡೆಸುವುದೇ ಆ ರಾಜ್ಯ. ಕುದುರೆ ಬಾಜಿಗೆ ಜಗತ್ತಿನಲ್ಲೇ ಹೆಸರಾದ ಹಾಂಗ್‌ಕಾಂಗ್ ಇದಕ್ಕಿಂತ ಮುಖ್ಯವಾದ ಉದಾಹರಣೆ. ಅಲ್ಲಿ ಬಾಜಿ ಸುಂಕ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ; 1979ರಲ್ಲಿ ಓಡಲಾರಂಭಿಸಿದ ಮೆಟ್ರೋ ಬೆಳೆದದ್ದು ನಿಲ್ದಾಣಗಳ ಮೇಲಿನ ಮತ್ತು ಸುತ್ತಲಿನ ಜಾಗದ ಅಭಿವೃದ್ಧಿಯಿಂದ ಬಂದ ಲಾಭದ ಬಲದಿಂದ. ಸಾರಿಗೆ ಬಂದಾಗ ಭೂಮಿಯ ಬೆಲೆ ಏರುತ್ತದೆ, ಏರಿದ ಬೆಲೆಯ ಒಂದು ಪಾಲು ಸಾರಿಗೆಗೆ ಮರಳುತ್ತದೆ.

ಈ ತತ್ವದ ಒಂದು ಸಣ್ಣ ರೂಪ ನಮ್ಮ ಕೈಯಲ್ಲೇ ಇದೆ. ನೀವು ಪ್ರತಿವರ್ಷ ಪಾಲಿಕೆಗೋ ನಗರಸಭೆಗೋ ಕಟ್ಟುವ ಆಸ್ತಿ ತೆರಿಗೆಯ ಚಲನ್ ನೋಡಿ: ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರಗಳ ಸಾಲಿನಲ್ಲಿ ಶೇ 2ರ ನಗರ ಸಾರಿಗೆ ಕರವೂ ಇದೆ. ಈ ಹಣ ಎಷ್ಟು ಸಂಗ್ರಹವಾಯಿತು, ನಗರ ಸಾರಿಗೆಯ ಯಾವ ಕೆಲಸಕ್ಕೆ ಬಳಕೆಯಾಯಿತು ಎಂದು ವಾರ್ಡ್ ಸದಸ್ಯರನ್ನು ಕೇಳುವ ಹಕ್ಕು ತೆರಿಗೆದಾರರಿಗಿದೆ. ಮಾಹಿತಿ ಹಕ್ಕಿನ ಅರ್ಜಿಯೂ ಸಾಕು. ಇನ್ನೊಂದು ದಾರಿ ಡೀಸೆಲ್ ತೆರಿಗೆಯದು. ಡೀಸೆಲ್ ಇಂದಿಗೂ ಜಿಎಸ್‌ಟಿಯ ಹೊರಗಿದ್ದು, ಅದರ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯವೇ ನಿರ್ಧರಿಸುತ್ತದೆ. 2025ರ ಏಪ್ರಿಲ್ 1ರಿಂದ ಆ ದರ ಶೇ 18.44ರಿಂದ ಶೇ 21.17ಕ್ಕೆ ಏರಿತು. ಸಾರಿಗೆ ನಿಗಮಗಳು ಕೊಳ್ಳುವ ಡೀಸೆಲ್‌ಗೆ ಈ ತೆರಿಗೆಯಲ್ಲಿ ರಿಯಾಯಿತಿ ಕೊಡಲು, ಅಥವಾ ಅಷ್ಟೇ ಮೊತ್ತವನ್ನು ಬಜೆಟ್ ಮೂಲಕ ಗ್ರಾಮೀಣ ಮಾರ್ಗಗಳಿಗೆಂದೇ ಹಿಂದಿರುಗಿಸಲು, ಜಿಎಸ್‌ಟಿ ಮಂಡಳಿಯ ಅನುಮತಿ ಬೇಕಿಲ್ಲ.